ಮೋಟಾರು ಹಿಂದೆಯೋ, ನಡುವೆಯೋ?

ಎತ್ತಿನ ಗಾಡಿಗೆ ಮೂಟೆ ಹೇರಿ ಬಲ್ಲವರಿಗೆ ಹಿಂಭಾರ, ಮುಂಭಾರ ಎಂಬ ಮಾತುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೇರು ಹಿಂದಕ್ಕೆ ಸರಿದರೆ ನೊಗ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಮುಂದಕ್ಕೆ ಸರಿದರೆ ಹೆಗಲು ಜಜ್ಜುತ್ತದೆ. ಎತ್ತೂ ನೊಗವೂ ಇಲ್ಲದ, ಸುಮಾರು ಒಂದೂವರೆ ಕಿಲೋಗ್ರಾಮ್ ತೂಗುವ ಪುಟ್ಟ ಗಾಡಿಯೊಂದರ ವಿಷಯದಲ್ಲಿಯೂ ಇದೇ ತಕರಾರು ಅಮೆರಿಕ, ಇಂಗ್ಲೆಂಡ್, ಜಪಾನುಗಳ ಪಂದ್ಯಪ್ರಿಯರನ್ನು ಬಹುಕಾಲ ಕಾಡಿದೆ ಎಂದರೆ ಕೆಲವರಿಗೆ ನಗು ಬಂದೀತು. ಆದರೆ ಮಗನ ಹಟಕ್ಕೆ ಮಣಿದು ಅಂಗಡಿಯ ಮೆಟ್ಟಿಲು ಹತ್ತಿ, ನೂರಾರು ಡಾಲರುಗಳನ್ನು ಎಣಿಸಿ ಕೊಡಲಿರುವ ತಂದೆಗೆ ಅದು ನಗುವ ವಿಷಯವಲ್ಲ.

ರೇಡಿಯೋ ಅಲೆಗಳ ಆಣತಿಯಂತೆ ಓಡುವ ಈ ಪಂದ್ಯದ ಬಗ್ಗಿ ನಿಜವಾದ ಗಾಡಿಯ ಹತ್ತನೆಯ ಒಂದರಷ್ಟು ದೊಡ್ಡದು. ಚಾಲಕನು ಪಥದ ಬದಿಯ ಅಟ್ಟಣೆಯ ಮೇಲೆ ನಿಂತು ಕೈಯಲ್ಲಿನ ಸಲಕರಣೆಯಿಂದ ಅದನ್ನು ನಡೆಸುತ್ತಾನೆ. ಇಲ್ಲಿ ಹೇಳಹೊರಟಿರುವ ಜಾತಿಯ ಬಗ್ಗಿಯಲ್ಲಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಶಕ್ತಿ. ಗಾಡಿಯಲ್ಲಿ ಭಾರವಾದ ವಸ್ತುಗಳೆಂದರೆ ಬ್ಯಾಟರಿ ಮತ್ತು ಮೋಟಾರು. ಈ ಮೋಟಾರನ್ನು ಹಿಂದಿನ ಇರಸಿನ ಆಚೆಗೆ, ಬಾಲದಂತೆ ತೂಗಬಿಡಬೇಕೋ, ಇರಸಿನ ಈಚೆಗೆ, ಗಾಡಿಯ ಹೊಟ್ಟೆಯೊಳಗೆ ಕೂರಿಸಬೇಕೋ ಎಂಬುದೇ ಪ್ರಶ್ನೆ.

ಮೊದಲಿನವರು ಬಾಲದ ಪಕ್ಷದವರು. ಕ್ಯಾಲಿಫೋರ್ನಿಯದ ಟೀಮ್ ಅಸೋಸಿಯೇಟೆಡ್ ಸಂಸ್ಥೆಗಾಗಿ ರೋಜರ್ ಕರ್ಟಿಸ್ ರೂಪಿಸಿದ ಆರ್‌ಸಿ10 ಎಂಬ ಬಗ್ಗಿ 1984ರಲ್ಲಿ ಹೊರಬಂದಿತು. ಹೊಂಬಣ್ಣದ ಅಲ್ಯೂಮಿನಿಯಂ ಮೈ, ಬೆನ್ನ ಹಿಂದೆ ಮೋಟಾರು. 1985ರಲ್ಲಿ ಅದೇ ರಾಜ್ಯದ ಡೆಲ್ ಮಾರ್‌ನಲ್ಲಿ ನಡೆದ ವಿಶ್ವ ಪಂದ್ಯದಲ್ಲಿ ಗಿಲ್ ಲೋಸಿ ಜೂನಿಯರ್ ಇದನ್ನೇ ಓಡಿಸಿ ಗೆದ್ದನು. ಅಂದಿನ ಪಥಗಳು ಸಡಿಲ ಮಣ್ಣಿನವು, ಧೂಳಿನವು. ಅಂಥ ನೆಲದಲ್ಲಿ ಶಕ್ತಿ ಹೊತ್ತ ಚಕ್ರಗಳನ್ನು ಭಾರ ಅದುಮಿ ಹಿಡಿಯದಿದ್ದರೆ ಅವು ಸುಮ್ಮನೆ ಮಣ್ಣು ಕೆದರುತ್ತವೆ. ಮೋಟಾರನ್ನು ಹಿಂದಿಟ್ಟದ್ದು ಈ ಕಾರಣಕ್ಕೆ. ಬೆಲೆಯೇನೆಂದರೆ ಮೂತಿ ಹಗುರ. ತಿರುವಿನಲ್ಲಿ ವೇಗ ಹೆಚ್ಚಿಸಿದೊಡನೆ ಮುಂದಿನ ಚಕ್ರಗಳು ಚಾಲಕನ ಮಾತು ಕೇಳದೆ ನೇರಕ್ಕೆ ಜಾರುತ್ತವೆ. ಇನ್ನೊಂದು ತೊಡಕೂ ಉಂಟು. ಕೋಲಿನ ತುದಿಗೆ ಕಲ್ಲು ಕಟ್ಟಿ ಬೀಸಿದವರಿಗೆ ಗೊತ್ತು, ಒಮ್ಮೆ ಬೀಸಿಕೊಂಡ ಮೇಲೆ ಅದನ್ನು ತಡೆಯುವುದು ಕಷ್ಟ. ಹಿಂಭಾರದ ಬಗ್ಗಿಯ ಬಾಲವೂ ಹಾಗೆಯೇ.

ಅದೇ ಕಲ್ಲನ್ನು ಕೋಲಿನ ನಡುವಿಗೆ ಕಟ್ಟಿದರೆ ಕೋಲು ಬೆರಳುಗಳ ನಡುವೆ ಸಲೀಸಾಗಿ ತಿರುಗುತ್ತದೆ. ನಡುಮೋಟಾರಿನ ಗುಟ್ಟು ಇಷ್ಟೇ. ತಿರುವಿಗೆ ಬೇಗ ಬಾಗುತ್ತದೆ, ನೆಗೆತದಿಂದ ಇಳಿದಾಗ ಸಮನಾಗಿ ಇಳಿಯುತ್ತದೆ. ಹಿಂದಿನವರಿಗೆ ಇದು ಹೊಳೆಯಲಿಲ್ಲವೇ ಎಂದು ಕೇಳಬಹುದು. ಹೊಳೆದರೂ ಸ್ಥಳವೆಲ್ಲಿ? ಆರು ಕೋಶಗಳ ನಿಕ್ಕಲ್ ಬ್ಯಾಟರಿಯ ಉದ್ದನೆಯ ಕಟ್ಟು ಗಾಡಿಯ ನಡುವನ್ನೆಲ್ಲ ಆಕ್ರಮಿಸುತ್ತಿತ್ತು. ಗಿಡ್ಡನೆಯ ಲಿಥಿಯಂ ಬ್ಯಾಟರಿ ಬಂದಮೇಲೆ ಹೊಟ್ಟೆಯಲ್ಲಿ ಜಾಗ ತೆರವಾಯಿತು.

ಅದಕ್ಕಿಂತ ಮುಖ್ಯವಾಗಿ ನೆಲವೇ ಬದಲಾಯಿತು. ಪಂದ್ಯದ ಪಥಗಳು ಚಾವಣಿಯ ಅಡಿಗೆ ಸರಿದವು. ಜೇಡಿಮಣ್ಣನ್ನು ನೀರೆರೆದು ಗಟ್ಟಿಸಿ, ಕೆಲವೆಡೆ ಸಕ್ಕರೆ ನೀರನ್ನೂ ಚಿಮುಕಿಸಿ, ಟೈರು ಅಂಟುವಂತೆ ಮಾಡಲಾಯಿತು. ಇಂಗ್ಲೆಂಡಿನಲ್ಲಿ ಕೃತಕ ಹುಲ್ಲು, ಜಮಖಾನ. ಹಿಡಿತ ಹೇರಳವಾದಾಗ ಹಿಂಭಾರ ಬರಿಯ ಹೊರೆ. 2011ರಲ್ಲಿ ಬಂದ ಟಿಎಲ್‌ಆರ್ 22 ಎಂಬ ಬಗ್ಗಿಯ ಪೆಟ್ಟಿಗೆಯಲ್ಲಿ ಎರಡೂ ವಿಧವಾಗಿ ಜೋಡಿಸಲು ಅವಕಾಶವಿತ್ತು. 2015ರಲ್ಲಿ ಜಪಾನಿನ ಯಾತಾಬೆಯಲ್ಲಿ ಸ್ಪೆನ್ಸರ್ ರಿವ್‌ಕಿನ್ ನಡುಮೋಟಾರಿನ ಬಿ5ಎಂ ಓಡಿಸಿ ವಿಶ್ವವಿಜೇತನಾದನು. ಆರ್‌ಸಿ10ರ ತವರಿನದೇ ಗಾಡಿ, ನಡುವೆ ಸರಿಯಾಗಿ ಮೂವತ್ತು ವರ್ಷ. ಮರುವರ್ಷ ಅದೇ ಸಂಸ್ಥೆ ಹಿಡಿತದ ನೆಲಕ್ಕೊಂದು, ಮಣ್ಣಿಗೊಂದು ಎಂದು ಎರಡು ಬಗ್ಗಿಗಳನ್ನು ಹೊರತಂದಾಗ ಎರಡರಲ್ಲಿಯೂ ಮೋಟಾರು ನಡುವೆಯೇ ಇತ್ತು.

ಗೆದ್ದವನ ಗಾಡಿಯೇ ಅಂಗಡಿಯ ಮುಂಗಟ್ಟಿಗೆ ಬರುವುದು ಲೋಕರೂಢಿ. ತಂದೆ ಅದನ್ನೇ ಕೊಳ್ಳುತ್ತಾನೆ. ಹುಡುಗ ಅದನ್ನು ಊರ ಹೊರಗಿನ ಕ್ಲಬ್ಬಿನ ಧೂಳುಮೈದಾನಕ್ಕೆ ಒಯ್ಯುತ್ತಾನೆ. ಕೀಲು ಒತ್ತಿದೊಡನೆ ಗಾಡಿ ಗಿರಕಿ ಹೊಡೆದು ಹಿಮ್ಮುಖವಾಗಿ ನಿಲ್ಲುತ್ತದೆ. ಮತ್ತೆ ಒತ್ತಿದರೆ ಮತ್ತೆ ಗಿರಕಿ. ಪಕ್ಕದವನ ಹಳೆಯ ಹಿಂಮೋಟಾರಿನ ಗಾಡಿ ಗುಡುಗುಡು ಎಂದು ಮುಂದೆ ಹೋಗುತ್ತದೆ. ಹುಡುಗ ದೋಷವನ್ನು ತನ್ನ ಕೈಗೇ ಹೊರಿಸಿಕೊಳ್ಳುತ್ತಾನೆ. ಕೆಲವು ಭಾನುವಾರಗಳಲ್ಲಿ ಗಾಡಿ ಮಂಚದ ಕೆಳಗೆ ಸೇರುತ್ತದೆ. ಅವನ ಕೈಯಲ್ಲಿ ದೋಷವೇನೂ ಇರಲಿಲ್ಲ. ಕೊಳ್ಳುವ ಮೊದಲು ಆ ಮೈದಾನದಲ್ಲಿ ನಡೆದು, ನೆಲವನ್ನು ಬೂಟಿನ ಅಡಿಯಿಂದ ಒಮ್ಮೆ ಉಜ್ಜಿ ನೋಡಿದ್ದರೆ ಸಾಕಾಗಿತ್ತು. ಧೂಳು ಎದ್ದರೆ ಹಿಂಭಾರ ಬೇಕು. ಟೈರಿನ ಕಪ್ಪು ಗೆರೆ ಹೊಳೆಯುತ್ತಿದ್ದರೆ ನಡುಭಾರ.

ಕೊಂಡಾಗಿಬಿಟ್ಟಿದ್ದರೆ? ಅದಕ್ಕೂ ದಾರಿಯುಂಟು. ಮೋಟಾರು ವೇಗವಾಗಿ ತಿರುಗತೊಡಗಿದಾಗ ಗಾಡಿಯ ಮೈಯನ್ನು ತನ್ನ ವಿರುದ್ಧ ದಿಕ್ಕಿಗೆ ತಳ್ಳುತ್ತದೆ. ಮೋಟಾರು ಚಕ್ರಗಳ ದಿಕ್ಕಿನಲ್ಲಿಯೇ ತಿರುಗಿದರೆ ಈ ತಳ್ಳಿನಿಂದ ಮೂತಿ ಏಳುತ್ತದೆ, ಹಿಂಚಕ್ರಗಳು ನೆಲಕ್ಕೆ ಒತ್ತಿಕೊಳ್ಳುತ್ತವೆ. ಗಿಯರು ಪೆಟ್ಟಿಗೆಯಲ್ಲಿ ಮೂರು ಗಿಯರುಗಳಿದ್ದರೆ ಮೋಟಾರು ಚಕ್ರಗಳಿಗೆ ವಿರುದ್ಧವಾಗಿ ತಿರುಗುತ್ತದೆ. ನಾಲ್ಕನೆಯದೊಂದನ್ನು ಸೇರಿಸಿದರೆ ಚಕ್ರಗಳ ಜೊತೆಗೆ. ಆದುದರಿಂದ ಜಾರುವ ಮಣ್ಣಿನಲ್ಲಿ ನಾಲ್ಕು ಗಿಯರು, ಅಂಟುವ ನೆಲದಲ್ಲಿ ಮೂರು ಎಂದು ಬಲ್ಲವರು ಪೆಟ್ಟಿಗೆ ಬದಲಾಯಿಸುತ್ತಾರೆ. ಬ್ಯಾಟರಿಯನ್ನು ಹಿಂದಕ್ಕೆ ಸರಿಸಿ, ಇರಸಿನ ಬಳಿ ಹಿತ್ತಾಳೆಯ ತುಂಡೊಂದನ್ನು ತಿರುಪಿನಿಂದ ಬಿಗಿಯುವುದೂ ಉಂಟು. ನಡುಮೋಟಾರು ಬಂದದ್ದೇ ಭಾರವನ್ನು ಮುಂದಕ್ಕೆ ತರಲು. ಈಗ ಹಿತ್ತಾಳೆಗೆ ಬೇರೆ ಹಣ ತೆತ್ತು ಅದನ್ನು ಹಿಂದಕ್ಕೆ ಒಯ್ಯಬೇಕು!

ಇದೆಲ್ಲ ರಗಳೆ ಬೇಡವೆನ್ನುವವರು ಹಳೆಯದರತ್ತ ನೋಡಬಹುದು. 1984ರಲ್ಲಿ ಹೊರಬಂದ ತಮಿಯಾ ಸಂಸ್ಥೆಯ ಗ್ರಾಸ್‌ಹಾಪರ್, ಹಾರ್ನೆಟ್ ಬಗ್ಗಿಗಳನ್ನು ಆ ಸಂಸ್ಥೆ ಎಷ್ಟೋ ವರ್ಷಗಳ ಮೇಲೆ ಪುನಃ ತಯಾರಿಸಿ ಮಾರಿತು. ವಿಶ್ವ ಪಂದ್ಯದಲ್ಲಿ ಅವಕ್ಕೆ ಸ್ಥಾನವಿಲ್ಲ. ಕ್ಲಬ್ಬಿನ ಧೂಳಿನಲ್ಲಿ ಮಾತ್ರ ಅವುಗಳ ಬಾಲದ ಮೋಟಾರು ಇಂದಿಗೂ ಹಿಂಚಕ್ರಗಳನ್ನು ಅದುಮಿ ಹಿಡಿಯುತ್ತದೆ, ಹುಡುಗನಿಗೆ ಒಂದು ಸುತ್ತನ್ನಾದರೂ ಗಿರಕಿಯಿಲ್ಲದೆ ಮುಗಿಸಲು ಬಿಡುತ್ತದೆ.