ಟಿವಿ ತಗೊಳ್ಳೋ ಮುಂಚೆ ಟೇಪ್ ಹಿಡೀರಿ

ಇಂಜಿನಿಯರಿಂಗ್ ಸೇರಿದ ದಿನದಿಂದ ಮನೆಯಲ್ಲಿ ನಮಗೆಲ್ಲ ಒಂದು ಹೊಸ ಹುದ್ದೆ ಸಿಕ್ಕಿದೆ. ವೈಫೈ ನಿಧಾನ ಆದರೆ, ಮಿಕ್ಸಿ ಸದ್ದು ಮಾಡಿದರೆ, ಚಿಕ್ಕಪ್ಪ ಹೊಸ ಫೋನ್ ತಗೋಬೇಕಾದರೆ ಕರೆ ಬರೋದು ನಮಗೇ. "ನೀನು ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ನೀನೇ ಹೇಳಪ್ಪ." ನೀವು ಸಿವಿಲ್ ಇರಿ, ಕೆಮಿಕಲ್ ಇರಿ, ಅವರಿಗೆ ಎಲ್ಲಾ ಒಂದೇ. ಈ ಪ್ರಶ್ನೆಗಳಲ್ಲಿ ಅತಿ ದೊಡ್ಡದು ಟಿವಿ ಬಗ್ಗೆ. ಫೋನ್ ಎರಡು ಮೂರು ವರ್ಷಕ್ಕೆ ಬದಲಾಗುತ್ತೆ, ಟಿವಿ ಹಾಗಲ್ಲ. ಒಮ್ಮೆ ಗೋಡೆಗೆ ಹತ್ತಿದರೆ ಎಂಟು ಹತ್ತು ವರ್ಷ ಅಲ್ಲೇ ಇರುತ್ತೆ. ಇಪ್ಪತ್ತೈದು ಸಾವಿರ ಅಂದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಒಂದು ತಿಂಗಳ ಸಂಬಳ. ನಾವು ಹಾಸ್ಟೆಲ್ ಮಂಚದ ಮೇಲೆ ಮಲಗಿಕೊಂಡು ಎರಡು ರಿವ್ಯೂ ವಿಡಿಯೋ ನೋಡಿ ಕಳಿಸೋ ಲಿಂಕ್‌ಗೆ ಅಪ್ಪ ಆ ದುಡ್ಡನ್ನ ಸುರಿತಾರೆ. ಹಾಗಾಗಿ ಇದು ಸಣ್ಣ ವಿಷಯ ಅಲ್ಲ.

ನನ್ನ ಅಭಿಪ್ರಾಯ ಇಷ್ಟೇ: ಬಜೆಟ್ ಕಡಿಮೆ ಇದ್ದಾಗ ನಾವು ಕೊಡೋ ಸಲಹೆ ಬಹಳ ಸಲ ತಪ್ಪು ದಿಕ್ಕಲ್ಲಿ ಇರುತ್ತೆ. ಇದೇ ದುಡ್ಡಿಗೆ ಎಷ್ಟು ಹೆಚ್ಚು ಫೀಚರ್ ಬರುತ್ತೆ ಅಂತ ನೋಡ್ತೀವಿ. ನೋಡಬೇಕಾದ್ದು ಬೇರೆ. ಇದರಲ್ಲಿ ಯಾವುದು ನಮ್ಮ ಮನೆಯವರ ಕಣ್ಣಿಗೆ ಕಾಣುತ್ತೆ, ಯಾವುದು ಕಿವಿಗೆ ಕೇಳಿಸುತ್ತೆ, ಕೆಟ್ಟರೆ ಯಾರು ಬರ್ತಾರೆ?

ಮೊದಲು 4ಕೆ ವಿಷಯ. ಸುಮ್ಮನೆ ಹೇಳೋದು ಬೇಡ, ಲೆಕ್ಕ ಮಾಡೋಣ, ಅದೇ ತಾನೇ ನಮ್ಮ ಓದು. ಆರೋಗ್ಯವಾದ ಕಣ್ಣು ಸುಮಾರು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನವನ್ನು ಬೇರ್ಪಡಿಸಿ ನೋಡಬಲ್ಲದು. 43 ಇಂಚಿನ ಟಿವಿಯ ಅಗಲ ಸುಮಾರು 95 ಸೆಂಟಿಮೀಟರ್. ಫುಲ್ ಎಚ್‌ಡಿಯಲ್ಲಿ ಆ ಅಗಲಕ್ಕೆ 1920 ಪಿಕ್ಸೆಲ್, ಅಂದರೆ ಒಂದೊಂದೂ ಅರ್ಧ ಮಿಲಿಮೀಟರ್. ಈ ಅರ್ಧ ಮಿಲಿಮೀಟರ್ ಕಣ್ಣಿಗೆ ಬೇರೆಯಾಗಿ ಕಾಣೋದು ಸುಮಾರು 1.7 ಮೀಟರ್ ತನಕ, ಅಂದರೆ ಐದೂವರೆ ಅಡಿ. ಅದಕ್ಕಿಂತ ದೂರ ಕೂತರೆ ಪಿಕ್ಸೆಲ್‌ಗಳು ಒಂದರೊಳಗೊಂದು ಬೆರೆತು ಹೋಗುತ್ವೆ. ಈಗ ನಿಮ್ಮ ಮನೆ ಹಾಲ್ ನೆನಪಿಸಿಕೊಳ್ಳಿ. ಸೋಫಾದಿಂದ ಟಿವಿ ಗೋಡೆಗೆ ಎಷ್ಟು ದೂರ? ಎಂಟು ಅಡಿ ಅಂದುಕೊಂಡರೆ, ಇದೇ ಲೆಕ್ಕದಲ್ಲಿ ಸುಮಾರು 60 ಇಂಚಿನ ತನಕ ಫುಲ್ ಎಚ್‌ಡಿಯೇ ಸಾಕು. 4ಕೆಯಲ್ಲಿ ಪಿಕ್ಸೆಲ್ ನಾಲ್ಕು ಪಟ್ಟು, ಇಪ್ಪತ್ತು ಲಕ್ಷದ ಬದಲು ಎಂಬತ್ಮೂರು ಲಕ್ಷ. ಆದರೆ 43 ಇಂಚಲ್ಲಿ ಆ ನಾಲ್ಕು ಪಟ್ಟನ್ನ ಪೂರ್ತಿ ಅನುಭವಿಸಬೇಕಂದ್ರೆ ಮೂರು ಅಡಿ ಹತ್ತಿರ ಕೂರಬೇಕು. ಹಾಗೆ ಕೂತರೆ ಅಮ್ಮ ಸುಮ್ಮನಿರ್ತಾರಾ?

ಇದು ಒರಟು ಲೆಕ್ಕ, ಕೆಲವರ ಕಣ್ಣು ಇದಕ್ಕಿಂತ ಚುರುಕಾಗಿರುತ್ತೆ. ಆದರೆ ಇನ್ನೊಂದು ವಿಷಯ ಇದೆ. ಟಿವಿಯಲ್ಲಿ ಬರೋದಾದರೂ ಏನು? ನಮ್ಮ ಕನ್ನಡ ಎಚ್‌ಡಿ ಚಾನೆಲ್‌ಗಳು 1080 ಸಾಲಿನವು, ಮಾಮೂಲಿ ಚಾನೆಲ್‌ಗಳು 576 ಸಾಲಿನವು. ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಬೇಕಂದ್ರೆ ಅತಿ ದುಬಾರಿ ಪ್ಲಾನ್ ಬೇಕು, ಜೊತೆಗೆ 15 ಎಂಬಿಪಿಎಸ್ ಇಂಟರ್ನೆಟ್ ನಿಲ್ಲದೆ ಬರ್ತಿರಬೇಕು. ಅಂದರೆ ರಾತ್ರಿ ಏಳರಿಂದ ಹತ್ತರವರೆಗೆ ಸೀರಿಯಲ್ ಓಡೋ ಮನೆಯಲ್ಲಿ 4ಕೆ ಪರದೆ ಮಾಡೋ ಕೆಲಸ ಕಡಿಮೆ ಸಾಲಿನ ಚಿತ್ರವನ್ನ ಹಿಗ್ಗಿಸೋದು ಮಾತ್ರ. ಈಗ 43 ಇಂಚಲ್ಲಿ 4ಕೆ ಸಾಮಾನ್ಯ ಆಗಿದೆ, ಅದೇ ಬೆಲೆಗೆ ಸಿಕ್ಕರೆ ಬೇಡ ಅನ್ನಬೇಕಾಗಿಲ್ಲ. ಆದರೆ ಅದಕ್ಕೋಸ್ಕರ ಬೇರೆ ಒಳ್ಳೇದನ್ನ ಬಿಟ್ಟುಕೊಡಬೇಡಿ.

ಡಬ್ಬದ ಮೇಲಿನ ಮಿಕ್ಕ ಅಕ್ಷರಗಳದ್ದೂ ಇದೇ ಕಥೆ. ಎಚ್‌ಡಿಆರ್ ಸಿನಿಮಾಗಳನ್ನ ಸಾಮಾನ್ಯವಾಗಿ 1000 ನಿಟ್ಸ್ ಬೆಳಕಿಗೆ ತಕ್ಕ ಹಾಗೆ ತಯಾರು ಮಾಡ್ತಾರೆ. ಕಡಿಮೆ ಬೆಲೆಯ ಟಿವಿಗಳು ಕೊಡೋದು ಹೆಚ್ಚೂಕಡಿಮೆ 250, 300. ಅಲ್ಲಿ "ಎಚ್‌ಡಿಆರ್ ಇದೆ" ಅಂದರೆ ಆ ಸಿಗ್ನಲ್ ಅರ್ಥ ಆಗುತ್ತೆ ಅಂತ ಅಷ್ಟೇ, ತೋರಿಸುತ್ತೆ ಅಂತಲ್ಲ. ಕ್ಯೂಎಲ್‌ಇಡಿ ಅಂದರೆ ಓಎಲ್‌ಇಡಿಯ ತಮ್ಮ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ, ಅದು ಬಣ್ಣ ಚೆನ್ನಾಗಿ ಬರೋಕೆ ಒಂದು ಪದರ ಸೇರಿಸಿದ ಎಲ್‌ಸಿಡಿ.

ಹಾಗಾದರೆ ಕಣ್ಣಿಗೆ ಕಾಣೋದು ಏನು? ಕಾಂಟ್ರಾಸ್ಟ್ ಮತ್ತು ಪಕ್ಕದಿಂದ ನೋಡಿದಾಗಿನ ಬಣ್ಣ. ಎಲ್‌ಸಿಡಿ ಟಿವಿಗಳಲ್ಲಿ ಮುಖ್ಯವಾಗಿ ಎರಡು ಬಗೆ ಪ್ಯಾನೆಲ್: ವಿಎ, ಐಪಿಎಸ್. ವಿಎಯಲ್ಲಿ ಕಾಂಟ್ರಾಸ್ಟ್ 3000ಕ್ಕೆ 1 ಅಥವಾ ಅದಕ್ಕೂ ಹೆಚ್ಚು, ಕಪ್ಪು ಕಪ್ಪಾಗೇ ಕಾಣುತ್ತೆ, ಆದರೆ ಪಕ್ಕದಲ್ಲಿ ಕೂತವರಿಗೆ ಬಣ್ಣ ಮಾಸುತ್ತೆ. ಐಪಿಎಸ್‌ನಲ್ಲಿ ಕಾಂಟ್ರಾಸ್ಟ್ ಸುಮಾರು 1000ಕ್ಕೆ 1, ರಾತ್ರಿ ದೃಶ್ಯ ಬೂದಿ ಬೂದಿ, ಆದರೆ ಯಾವ ಮೂಲೆಯಿಂದ ನೋಡಿದರೂ ಒಂದೇ. ಅಮ್ಮ ಅಡುಗೆಮನೆ ಬಾಗಿಲಲ್ಲಿ ಸೊಪ್ಪು ಬಿಡಿಸ್ತಾ ಓರೆಯಾಗಿ ನೋಡೋ ಮನೆಗೆ ಐಪಿಎಸ್ ಸರಿ. ಎಲ್ಲರೂ ಎದುರಿಗೇ ಕೂತು ರಾತ್ರಿ ಲೈಟ್ ಆರಿಸಿ ಸಿನಿಮಾ ನೋಡೋ ಮನೆಗೆ ವಿಎ ಸರಿ. ಡಬ್ಬದ ಮೇಲೆ ಇದನ್ನ ಬರೆದಿರೋದು ಕಡಿಮೆ, ಆದರೆ ಅಂಗಡಿಯಲ್ಲಿ ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋಗಿ ನಿಂತು ನೋಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತೆ.

ಎಲ್ಲಕ್ಕಿಂತ ನಾವು ಮರೆಯೋದು ಸೌಂಡ್. ನಾವು ಇಯರ್‌ಫೋನ್ ಪೀಳಿಗೆ, ನಮಗೆ ಅದರ ನೆನಪೇ ಬರಲ್ಲ. ಆದರೆ ಮನೆಯಲ್ಲಿ ದಿನಕ್ಕೆ ಐದು ಗಂಟೆ ಟಿವಿ ಮುಂದೆ ಇರೋರು ನಾವಲ್ಲ, ಅಜ್ಜಿ. ನಮ್ಮಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ, ಎಡಗಿವಿ ಸ್ವಲ್ಪ ಮಂದ. ಅವರಿಗೆ ಪಿಕ್ಸೆಲ್ ಬೇಡ, ಅತ್ತೆ ಸೊಸೆಗೆ ಏನಂದಳು ಅನ್ನೋದು ಕೇಳಿಸಬೇಕು. ಟಿವಿ ತೆಳ್ಳಗಾದಷ್ಟೂ ಸ್ಪೀಕರ್‌ಗೆ ಜಾಗ ಕಡಿಮೆ, ಬಹಳ ಟಿವಿಗಳಲ್ಲಿ ಅದು ನೆಲದ ಕಡೆ ಮುಖ ಮಾಡಿರುತ್ತೆ. ಮಾತು ಸ್ಪಷ್ಟ ಇಲ್ಲ ಅಂತ ವಾಲ್ಯೂಮ್ ಏರಿಸಿದರೆ ಹಿನ್ನೆಲೆ ಸಂಗೀತವೂ ಏರಿ ಮಾತನ್ನ ನುಂಗುತ್ತೆ. ಇದಕ್ಕೆ ಪರಿಹಾರ ಇನ್ನೂ ದುಬಾರಿ ಟಿವಿ ಅಲ್ಲ. ಬಜೆಟ್‌ನಲ್ಲೇ ಮೂರ್ನಾಲ್ಕು ಸಾವಿರ ಪಕ್ಕಕ್ಕಿಟ್ಟು ಒಂದು ಸಣ್ಣ ಸೌಂಡ್‌ಬಾರ್ ತಗೊಳ್ಳೋದು, ಅಥವಾ ಅಟ್ಟದ ಮೇಲಿರೋ ಹಳೇ ಸ್ಪೀಕರ್ ಇಳಿಸಿ ಜೋಡಿಸೋದು.

ಆ ದುಡ್ಡು ಎಲ್ಲಿಂದ ಬರುತ್ತೆ ಅಂತೀರಾ? 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ತೆರಿಗೆ ಬಿಟ್ಟು 20,000 ಇರೋ ಟಿವಿ ಮುಂಚೆ 25,600 ಆಗ್ತಿತ್ತು, ಈಗ 23,600. ಮುಂಚೆ 32 ಇಂಚಿನ ತನಕ ಮಾತ್ರ 18 ಇತ್ತು, ಈಗ ಆ ವ್ಯತ್ಯಾಸ ಹೋಗಿದೆ. ಉಳಿದ ಎರಡು ಸಾವಿರಕ್ಕೆ ಇನ್ನೂ ದೊಡ್ಡ ಪರದೆ ಹುಡುಕೋ ಬದಲು ಅಜ್ಜಿ ಕಿವಿಗೆ ಖರ್ಚು ಮಾಡಿ ಅನ್ನೋದು ನನ್ನ ವಾದ.

ಸಾಫ್ಟ್‌ವೇರ್ ಬಗ್ಗೆ ನಾವು, ಅದರಲ್ಲೂ ನಮ್ಮ ಸಿಎಸ್ ಮಿತ್ರರು, ತುಂಬಾ ತಲೆ ಕೆಡಿಸಿಕೊಳ್ತೀವಿ. 1 ಜಿಬಿ ರಾಮ್ ಇರೋ ಸ್ಮಾರ್ಟ್ ಟಿವಿ ಮೂರು ವರ್ಷಕ್ಕೆ ಆಮೆ ಆಗೋದು ಖಂಡಿತ. ಆದರೆ ಅದಕ್ಕೆ ಮದ್ದು ಇದೆ, ಹಿಂದೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಚುಚ್ಚಿದರೆ ಟಿವಿ ಮತ್ತೆ ಹೊಸದು. ಪ್ಯಾನೆಲ್ ಕೆಟ್ಟದಿದ್ದರೆ ಅದಕ್ಕೆ ಯಾವ ಸ್ಟಿಕ್ಕೂ ಇಲ್ಲ. ಒಂದೇ ಎಚ್ಚರ: ಕೆಲವು ಅಗ್ಗದ ಟಿವಿಗಳಲ್ಲಿ ಅಧಿಕೃತ ಅಲ್ಲದ ಆಂಡ್ರಾಯ್ಡ್ ಹಾಕಿರ್ತಾರೆ. ಅವುಗಳಲ್ಲಿ ಓಟಿಟಿ ಆ್ಯಪ್ ಓಪನ್ ಆದರೂ ಎಚ್‌ಡಿ ಬರದೇ ಇರಬಹುದು. ಅಂಗಡಿಯಲ್ಲೇ ಪ್ಲೇ ಮಾಡಿಸಿ ನೋಡಿ.

ಇನ್ನು ರಿಪೇರಿ. ಬೆಂಗಳೂರಲ್ಲಿ ಇರೋರಿಗೆ ಎಸ್‌ಪಿ ರೋಡ್ ಇದೆ. ತಾಲೂಕು ಊರಲ್ಲಿ ಇರೋರಿಗೆ? ಬ್ಯಾಕ್‌ಲೈಟ್ ಹೋದರೆ ಊರಿನ ರಿಪೇರಿಯವರು ಸ್ಟ್ರಿಪ್ ಬದಲಾಯಿಸ್ತಾರೆ. ಪ್ಯಾನೆಲ್ ಹೋದರೆ ಹೊಸ ಟಿವಿ ಬೆಲೆಯ ಹತ್ತಿರಕ್ಕೆ ಖರ್ಚು ಬರುತ್ತೆ. ಅದಕ್ಕೆ ತಗೊಳ್ಳೋ ಮೊದಲೇ ಕಂಪನಿ ಸರ್ವೀಸ್ ನಂಬರಿಗೆ ಫೋನ್ ಮಾಡಿ, ನಿಮ್ಮ ಊರಿನ ಪಿನ್‌ಕೋಡ್ ಹೇಳಿ, "ಇಲ್ಲಿಗೆ ಯಾರು ಬರ್ತಾರೆ, ಎಷ್ಟು ದಿನಕ್ಕೆ?" ಅಂತ ಕೇಳಿ. ಹತ್ತು ನಿಮಿಷದ ಕೆಲಸ. ಉತ್ತರ ತಡವರಿಸಿದರೆ ಆ ಟಿವಿ ಎಷ್ಟೇ ಅಗ್ಗ ಇರಲಿ, ನಿಮ್ಮ ಅಪ್ಪ ಅಮ್ಮನಿಗೆ ಅದು ದುಬಾರಿ.

ನನ್ನ ರೂಮ್‌ಮೇಟ್ ಇದನ್ನ ಒಪ್ಪಲ್ಲ. "28 ಸಾವಿರಕ್ಕೆ 55 ಇಂಚು ಸಿಗುವಾಗ ಯಾವನು 43 ತಗೋತಾನೆ? ಮ್ಯಾಚ್ ನೋಡೋ ಮಜಾನೇ ಬೇರೆ" ಅಂತಾನೆ. ಅವನ ಮಾತಲ್ಲಿ ಅರ್ಥ ಇದೆ. ನಾಲ್ಕು ಜನ ಹುಡುಗರು ದುಡ್ಡು ಹಾಕಿ ರೂಮಿಗೆ ತಗೊಳ್ಳೋದಾದರೆ ನಾನೂ ದೊಡ್ಡದಕ್ಕೇ ಕೈ ಎತ್ತುತ್ತೀನಿ. ಕೆಟ್ಟರೆ ನಾವೇ ಬಿಚ್ಚಿ ನೋಡ್ತೀವಿ, ಎರಡು ವರ್ಷ ಬಂದರೆ ಸಾಕು. ಮನೆಯ ಟಿವಿಗೆ ಆ ಅಳತೆಗೋಲು ಹಿಡಿಯೋಕಾಗಲ್ಲ. ಅಲ್ಲಿ ಕೆಟ್ಟ ದಿನ ನಾವು ಇರಲ್ಲ, ಇಂಟರ್ನಲ್ಸ್ ಬರೀತಿರ್ತೀವಿ.

ಅಂಗಡಿಯವರ "ತಿಂಗಳಿಗೆ ಬರೀ 500 ಜಾಸ್ತಿ ಸರ್" ಅನ್ನೋ ಮಾತಿಗೂ ಸ್ವಲ್ಪ ಗಣಿತ ಬಳಸಿ. 18 ತಿಂಗಳ ಇಎಂಐ ಅಂದರೆ ಅದು 9,000. ಬಜೆಟ್ 25 ಅಂದಿದ್ದು ಸದ್ದಿಲ್ಲದೆ 34 ಆಯ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದು ಹಳೇ ಮಾತು ಅನಿಸಬಹುದು, ಆದರೆ ಇಎಂಐ ಹಾಸಿಗೆಯನ್ನೇನೂ ಉದ್ದ ಮಾಡಲ್ಲ.

ಮುಂದಿನ ಸಲ ಮನೆಯಿಂದ ಆ ಫೋನ್ ಬಂದಾಗ ಲಿಂಕ್ ಕಳಿಸೋ ಮುಂಚೆ ಮೂರು ಪ್ರಶ್ನೆ ಕೇಳಿ. ಸೋಫಾದಿಂದ ಗೋಡೆಗೆ ಎಷ್ಟು ಅಡಿ, ಟೇಪ್ ಹಿಡಿದು ನೋಡಿ ಹೇಳ್ತೀರಾ? ಹೆಚ್ಚು ಹೊತ್ತು ನೋಡೋದು ಯಾರು, ಏನು ನೋಡ್ತಾರೆ? ಸರ್ವೀಸ್ ಸೆಂಟರ್ ಎಲ್ಲಿದೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಅಂಗಡಿಯಲ್ಲಿರೋ ನಲವತ್ತು ಟಿವಿಗಳಲ್ಲಿ ಮೂರು ನಾಲ್ಕು ಮಾತ್ರ ಉಳಿಯುತ್ತೆ, ಅದರಲ್ಲಿ ಯಾವುದನ್ನ ಆರಿಸಿದರೂ ನಡೆಯುತ್ತೆ. ಟಿವಿ ಬಂದ ಮೇಲೆ ಊರಿಗೆ ಹೋದಾಗ ಇನ್ನೊಂದು ಕೆಲಸ ಮಾಡಿ. ಆನ್ ಮಾಡಿದ ತಕ್ಷಣ ನೇರ ಸೆಟ್‌ಟಾಪ್ ಬಾಕ್ಸ್ ಬರೋ ಹಾಗೆ ಸೆಟ್ಟಿಂಗ್ ಇದ್ದರೆ ಹಾಕಿಟ್ಟು ಬನ್ನಿ. ಇಲ್ಲದಿದ್ದರೆ ಪ್ರತಿ ಸಂಜೆ ಸೀರಿಯಲ್ ಶುರುವಾಗೋ ಹೊತ್ತಿಗೆ ಅಜ್ಜಿಯ ಫೋನ್ ನಿಮಗೇ ಬರುತ್ತೆ.