ಉಯಿಲು ಸಾಕೇ, ಟ್ರಸ್ಟ್ ಬೇಕೇ?

ಯಜಮಾನ ಕಣ್ಣುಮುಚ್ಚಿದ ಮೇಲೆ ಜಮೀನು ಕೋರ್ಟಿನ ಮೆಟ್ಟಿಲೇರುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಇದನ್ನು ತಪ್ಪಿಸಲು ಹಿಂದೂ ಕುಟುಂಬದ ಸಣ್ಣ ಹಿಡುವಳಿದಾರನಿಗೆ ಸಾಮಾನ್ಯವಾಗಿ ಉಯಿಲೇ ಸಾಕು. ಛಾಪಾ ಕಾಗದ ಬೇಕಿಲ್ಲ. ಬರೆಸಿದವರ ಸಹಿ ಅಥವಾ ಹೆಬ್ಬೆಟ್ಟು, ಇಬ್ಬರು ಸಾಕ್ಷಿಗಳ ರುಜು ಇರಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಲೇಸು. ಬುದ್ಧಿ ಸ್ಥಿಮಿತದಲ್ಲಿರುವವರೆಗೆ ಯಾವಾಗ ಬೇಕಾದರೂ ಬದಲಿಸಬಹುದು. ಬದುಕಿರುವಾಗಲೇ ಜಮೀನನ್ನು ಟ್ರಸ್ಟಿಗೆ ಒಪ್ಪಿಸುವುದಾದರೆ 1882ರ ಕಾಯ್ದೆಯಂತೆ ಪತ್ರದ ನೋಂದಣಿ ಆಗಲೇಬೇಕು; ಒಪ್ಪಿಸಿದ್ದನ್ನು ಹಿಂಪಡೆಯುವುದು ಸುಲಭವಲ್ಲ.

ಆದರೆ ತನ್ನ ವ್ಯವಹಾರವನ್ನು ತಾನೇ ನೋಡಿಕೊಳ್ಳಲಾರದ ಮಗನೋ ಮಗಳೋ ಇರುವ ಮನೆಗೆ ಬರಿಯ ಉಯಿಲು ಸಾಲದು. ಖಾತೆ ಅವರ ಹೆಸರಿಗೆ ಬಂದರೂ ಫಸಲು ಇನ್ನೊಬ್ಬರ ಕಣಜ ಸೇರೀತು. ಅಂಥವರ ಪಾಲನ್ನು ನಂಬಿಕಸ್ಥ ಟ್ರಸ್ಟಿಗಳ ವಶಕ್ಕೆ ಕೊಡುವಂತೆ ಉಯಿಲಿನಲ್ಲೇ ಬರೆಸಬಹುದು. ಅನೇಕರಿಗೆ ಈ ಮಾರ್ಗ ತಿಳಿದಿಲ್ಲ.

ಒಂದು ಎಚ್ಚರಿಕೆ. ಪಿತ್ರಾರ್ಜಿತ ಆಸ್ತಿಯಲ್ಲಿ ಯಜಮಾನ ಬರೆದುಕೊಡಬಹುದಾದುದು ತನ್ನ ಪಾಲನ್ನು ಮಾತ್ರ. 2005ರ ತಿದ್ದುಪಡಿಯಿಂದ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳೂ ಸಮಪಾಲುದಾರರು. ಅವರ ಪಾಲನ್ನು ಉಯಿಲಾಗಲಿ ಟ್ರಸ್ಟಾಗಲಿ ಕಸಿಯಲಾರದು. ಕಸಿಯಲು ಹೊರಟ ಪತ್ರವೇ ಮುಂದಿನ ದಾವೆಗೆ ಬೀಜ.

ರೈತ ಬಾಂಧವರು ಮೈಯಲ್ಲಿ ಕಸುವಿರುವಾಗಲೇ ಪಹಣಿ, ಹಕ್ಕುಪತ್ರಗಳೊಡನೆ ವಕೀಲರನ್ನು ಕಾಣಲಿ. ಹೊಲಕ್ಕೆ ಬದು ಹಾಕಿದಂತೆ ಹಕ್ಕಿಗೂ ಬದು ಬೇಕು.