ದೂರದ ಬೆಟ್ಟವೂ ಹತ್ತಿರದ ಬಂಡೆಯೂ

'ದೂರದ ಬೆಟ್ಟ ನುಣ್ಣಗೆ' ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ದೆಹಲಿಗೆ ಬಂದು ನೆಲೆಸಿದ ನಮ್ಮ ಪಾಲಿಗೆ ಈ ಗಾದೆಗೆ ಇನ್ನೊಂದು ಮಾತನ್ನು ಸೇರಿಸಬೇಕಾಗಿದೆ: ಹತ್ತಿರದ ಬೆಟ್ಟ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಬೇಸಗೆಯ ರಜೆಯಲ್ಲಿ ಸಿಮ್ಲಾ, ಮಸ್ಸೂರಿಗಳಿಗೆ ಹೋಗಿ, ಮಾಲ್ ರಸ್ತೆಯಲ್ಲಿ ಅಡ್ಡಾಡಿ, ಒಂದೆರಡು ಸ್ವೆಟರುಗಳನ್ನು ಕೊಂಡು ಹಿಂತಿರುಗುವ ನಾವು, ಈ ನಗರದ ಬೆನ್ನೆಲುಬಿನಂತೆ ಹಬ್ಬಿರುವ ಅರಾವಳಿಯ ಬಂಡೆಗಳನ್ನು ಬಸ್ಸಿನ ಕಿಟಕಿಯಿಂದ ನೋಡಿಯೂ ನೋಡದವರಂತೆ ಸಾಗಿಬಿಡುತ್ತೇವೆ. ನಮ್ಮ ಮಕ್ಕಳೂ ಹಾಗೆಯೇ ಬೆಳೆಯುತ್ತಿದ್ದಾರೆ. ವಿಶ್ವವಿದ್ಯಾನಿಲಯದಲ್ಲಿ ಓದುವ ತರುಣ ತರುಣಿಯರಿಗೆ ಚಾರಣ, ಶಿಲಾರೋಹಣಗಳು ಶ್ರೀಮಂತರ ವಿಲಾಸವಲ್ಲ. ಅವು ವಿದ್ಯಾಭ್ಯಾಸದ ಒಂದು ಅಂಗ. ಪಾಲಕರಾದ ನಾವು ಅದಕ್ಕೆ ಅಡ್ಡಿಯಾಗದೆ, ವಿವೇಕದಿಂದ ನೆರವಾಗಬೇಕು ಎಂಬುದನ್ನು ಪ್ರತಿಪಾದಿಸುವುದೇ ಈ ಲೇಖನದ ಉದ್ದೇಶ.

ಇದನ್ನು ಹೇಳಲು ನನಗೆ ಪೂರ್ಣ ಅಧಿಕಾರವಿದೆಯೆಂದು ನಾನು ಭಾವಿಸಿಲ್ಲ. ಚಿತ್ರದುರ್ಗದ ಕೋಟೆಯ ಮಗ್ಗುಲಲ್ಲಿ ಬೆಳೆದ ನಾನು, ಬರಿಗಾಲಿನಲ್ಲಿ ಬಂಡೆಯಿಂದ ಬಂಡೆಗೆ ಹತ್ತುವಾಗ ಯಾರ ಅಪ್ಪಣೆಯನ್ನೂ ಕೇಳಿದವನಲ್ಲ. ಆದರೆ ನನ್ನ ಮಗಳು ಇಲ್ಲಿ ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿದ್ದಾಗ, ಕಾಲೇಜಿನ ಚಾರಣ ಕೂಟದ ಶಿಬಿರಕ್ಕೆ ತಂದೆಯ ಸಹಿ ಬೇಕೆಂದು ಒಂದು ಕಾಗದವನ್ನು ನನ್ನ ಮುಂದಿಟ್ಟಳು. 'ಪರೀಕ್ಷೆ ಹತ್ತಿರವಿದೆಯಲ್ಲಮ್ಮ' ಎಂದೆ. ಪರೀಕ್ಷೆಗೆ ಇನ್ನೂ ಐದು ತಿಂಗಳಿತ್ತು. ಹೆಣ್ಣುಮಗಳು ಹಗ್ಗ ಕಟ್ಟಿಕೊಂಡು ಬೆಟ್ಟ ಹತ್ತಿದಳೆಂದು ಊರಿನಲ್ಲಿ ತಿಳಿದರೆ ಏನೆಂದಾರೋ ಎಂಬ ಅಳುಕೇ ನಿಜವಾದ ಕಾರಣ. ಅವಳು ವಾದಿಸಲಿಲ್ಲ. 'ಸರಿ ಅಪ್ಪಾ' ಎಂದು ಒಳಗೆ ಹೋದಳು. ಎಷ್ಟೋ ವರ್ಷಗಳ ಮೇಲೆ, ವಿಮೆಯ ಕಾಗದಪತ್ರಗಳನ್ನು ಹುಡುಕುತ್ತಿದ್ದಾಗ ಅದೇ ಕಾಗದ ಕೈಗೆ ಸಿಕ್ಕಿತು. ಎತ್ತರ, ತೂಕ, ರಕ್ತದ ಗುಂಪು, ಎಲ್ಲವನ್ನೂ ಅವಳು ದುಂಡಗೆ ತುಂಬಿದ್ದಳು. ಖಾಲಿ ಉಳಿದಿದ್ದುದು ನನ್ನ ಸಹಿಯ ಗೆರೆಯೊಂದೇ. ಹಾಗಾಗಿ ಇದನ್ನು ಉಪದೇಶವೆಂದು ತಿಳಿಯದೆ, ತಪ್ಪೊಪ್ಪಿಗೆಯೆಂದೇ ವಾಚಕರು ತಿಳಿಯಬೇಕು.

ಮೊದಲು, ನಮ್ಮ ಕೈಗೆಟಕುವಷ್ಟು ದೂರದಲ್ಲಿ ಏನೇನಿದೆ ಎಂಬುದನ್ನು ನೋಡೋಣ. ದೆಹಲಿಯ ದಿಣ್ಣೆಸಾಲು, ಅಂದರೆ ಎಲ್ಲರೂ 'ರಿಜ್' ಎಂದು ಕರೆಯುವ ಅರಾವಳಿಯ ಬಾಲ, ದೆಹಲಿ ವಿಶ್ವವಿದ್ಯಾನಿಲಯದ ಬೆನ್ನಿಗೇ ಇದೆ. 1857ರ ಮೇ 11ರಂದು ಇಂಗ್ಲಿಷರ ಸಂಸಾರಗಳು ದಿಗಿಲುಬಿದ್ದು ಓಡಿಬಂದು ಸೇರಿದ ಫ್ಲ್ಯಾಗ್‌ಸ್ಟಾಫ್ ಗೋಪುರ ಅಲ್ಲಿಯೇ ಇದೆ. ಅದರ ಸುತ್ತ ಬೆಳಗಿನ ಹೊತ್ತು ನಡೆಯುವುದಕ್ಕೆ ಬಿಡಿಕಾಸಿನ ಖರ್ಚಿಲ್ಲ. ದಕ್ಷಿಣದಲ್ಲಿ, 1969ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯ ಅರಾವಳಿಯ ಬಂಡೆಗಳ ಮೇಲೆಯೇ ನಿಂತಿದೆ. ಅದರ ಮೊದಲ ಕುಲಪತಿ ಜಿ. ಪಾರ್ಥಸಾರಥಿಯವರ ಹೆಸರನ್ನು ಹೊತ್ತ ಬಂಡೆಗಳ ಮೇಲೆ ಕುಳಿತು ಸಂಜೆಯನ್ನು ನೋಡದ ವಿದ್ಯಾರ್ಥಿ ಅಲ್ಲಿ ವಿರಳ. ನಗರದಿಂದ ಹೊರಬಿದ್ದರೆ ಫರೀದಾಬಾದಿನ ಕಡೆಯ ಧೌಜ್, ಗುರುಗ್ರಾಮದ ಆಚೆ ಸೋಹನಾದ ಬಳಿಯ ದಮ್‌ದಮಾ ಸರೋವರ, ಇವೆರಡೂ ದೆಹಲಿಯ ಶಿಲಾರೋಹಿಗಳು ಬಹುಕಾಲದಿಂದ ಅಭ್ಯಾಸ ಮಾಡುತ್ತ ಬಂದ ತಾಣಗಳು. ಇಲ್ಲಿನ ಕಲ್ಲು ಕ್ವಾರ್ಟ್‌ಜೈಟ್. ನೂರು ಕೋಟಿ ವರ್ಷಗಳಿಗೂ ಹಳೆಯದು, ಗಡುಸು, ಅಂಚು ಹರಿತವಾದುದು.

ಇವೆಲ್ಲಕ್ಕೂ ಮಿಗಿಲಾಗಿ, ದೇಶದ ಪರ್ವತಾರೋಹಣಕ್ಕೆಲ್ಲ ಕೇಂದ್ರವಾದ ಇಂಡಿಯನ್ ಮೌಂಟೇನಿಯರಿಂಗ್ ಫೌಂಡೇಷನ್ ಸಂಸ್ಥೆಯ ಕಚೇರಿ ಇರುವುದು ನಮ್ಮ ದೆಹಲಿಯಲ್ಲಿಯೇ, ಬೆನಿಟೊ ಹ್ವಾರೆಜ್ ಮಾರ್ಗದಲ್ಲಿ. ಹಗ್ಗ ಕಟ್ಟಿಕೊಂಡು ಹತ್ತುವ ಕೃತಕ ಗೋಡೆಗಳು ಅದರ ಆವರಣದಲ್ಲಿವೆ. ರಾಮಕೃಷ್ಣಪುರಂನ ದೆಹಲಿ ಕರ್ನಾಟಕ ಸಂಘದ ಕಟ್ಟಡದಿಂದ ಅದು ಕೆಲವೇ ಕಿಲೋಮೀಟರುಗಳ ದಾರಿ. ಮೆಟ್ರೋದ ಗುಲಾಬಿ ಮಾರ್ಗದಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮೋತಿಬಾಗ್ ನಿಲ್ದಾಣವನ್ನು ದಾಟಿದರೆ ಮುಂದಿನದೇ ದಕ್ಷಿಣ ಆವರಣದ ನಿಲ್ದಾಣ. ನಾಟಕಕ್ಕೂ ರಾಜ್ಯೋತ್ಸವಕ್ಕೂ ತಪ್ಪದೆ ಸಂಘಕ್ಕೆ ಬರುವ ನಮ್ಮಲ್ಲಿ ಎಷ್ಟು ಮಂದಿ ಆ ಗೋಡೆಗಳ ಬುಡಕ್ಕೆ ಮಕ್ಕಳನ್ನು ಕರೆದೊಯ್ದಿದ್ದೇವೆ?

ಬೆಟ್ಟ ನಮಗೆ ಪರಕೀಯವೆಂದು ಹೇಳುವ ಹಾಗೂ ಇಲ್ಲ. ಸಮುದ್ರಮಟ್ಟದಿಂದ 1226 ಮೀಟರು ಎತ್ತರದ ಸಾವನದುರ್ಗ, 1975ರ 'ಶೋಲೆ' ಚಿತ್ರದಿಂದ ದೇಶಕ್ಕೆಲ್ಲ ಪರಿಚಯವಾದ ರಾಮನಗರದ ಬಂಡೆಗಳು, ಬಾದಾಮಿಯ ಕೆಂಪು ಮರಳುಗಲ್ಲು, ಹಂಪಿಯ ಹೆಬ್ಬಂಡೆಗಳು, ಇವನ್ನು ಹತ್ತುವುದಕ್ಕೆಂದೇ ಪರದೇಶಗಳಿಂದ ಜನ ಬರುತ್ತಾರೆ. ಕೊಡಗಿನ ವೀರ ಜನರಲ್ ತಿಮ್ಮಯ್ಯನವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ ಸಾಹಸ ಅಕಾಡೆಮಿಯನ್ನೇ ನಡೆಸುತ್ತಿದೆ. ಆ ನಾಡಿನ ಮಕ್ಕಳು ರಾಜಧಾನಿಗೆ ಬಂದ ಕೂಡಲೇ ಬೆಟ್ಟವನ್ನು ಮರೆಯಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಇನ್ನು ಆರೋಗ್ಯದ ಮಾತು. 'ದೇಶ ಸುತ್ತು, ಕೋಶ ಓದು' ಎಂದರು ಹಿರಿಯರು. ನಾವು ಮಕ್ಕಳ ಕೈಗೆ ಕೋಶವನ್ನು ಮಾತ್ರ ಕೊಟ್ಟಿದ್ದೇವೆ. ಮುಖರ್ಜಿನಗರ, ರಾಜೇಂದ್ರನಗರಗಳ ಕಿರುಕೋಣೆಗಳಲ್ಲಿ, ಆಡಳಿತ ಸೇವಾ ಪರೀಕ್ಷೆಗಾಗಿ ಕರ್ನಾಟಕದ ಮೂಲೆಮೂಲೆಗಳಿಂದ ಬಂದ ಹುಡುಗರು ದಿನಕ್ಕೆ ಹದಿನಾಲ್ಕು ಗಂಟೆ ಕುಳಿತು ಓದುತ್ತಾರೆ. ಅಂತಹ ಒಬ್ಬ ತರುಣ, ದಾವಣಗೆರೆಯ ಕಡೆಯವನು, ನಮ್ಮ ಮನೆಗೆ ಯುಗಾದಿಯ ಊಟಕ್ಕೆ ಬಂದಾಗ ಮೂರನೆಯ ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಿದ್ದ. ವಯಸ್ಸು ಇಪ್ಪತ್ತನಾಲ್ಕು! ನಿದ್ರೆ ಬಾರದು, ಓದಿದುದು ನಿಲ್ಲದು, ಊರಿಗೆ ಫೋನು ಮಾಡಲು ಮನಸ್ಸಿಲ್ಲ ಎಂದ. ಔಷಧವನ್ನು ಹೇಳಲು ನಾನು ವೈದ್ಯನಲ್ಲ. ಮೊದಲು ವೈದ್ಯರಲ್ಲಿಗೆ ಕಳುಹಿಸಿದೆ. ಅವರು ಪರೀಕ್ಷಿಸಿ ರೋಗವೇನೂ ಇಲ್ಲವೆಂದ ಮೇಲೆ, ಭಾನುವಾರಗಳಂದು ಜೊತೆಗೂಡಿ ರಿಜ್ ಮೇಲೆ ನಡೆಯತೊಡಗಿದೆವು. ಮೂರು ತಿಂಗಳಲ್ಲಿ ಅವನ ಏದುಸಿರು ನಿಂತಿತು, ಮಾತು ಹಿಂದಿರುಗಿತು. ಪರೀಕ್ಷೆಯ ಫಲ ಏನಾಯಿತೆಂದು ಕೇಳುವವರಿಗೆ, ಅದು ಈ ಲೇಖನದ ವಿಷಯವಲ್ಲವೆಂದಷ್ಟೇ ನನ್ನ ಉತ್ತರ.

ವಾರಕ್ಕೆ 150ರಿಂದ 300 ನಿಮಿಷಗಳ ಮಿತವಾದ ದೇಹಶ್ರಮ ವಯಸ್ಕರಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅದರ ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ಕೆಲಸ ಬೇಕು. ಬಂಡೆ ಹತ್ತುವುದರಲ್ಲಿ ಬೆರಳು, ತೋಳು, ಬೆನ್ನು, ಕಾಲು ಎಲ್ಲವೂ ಏಕಕಾಲಕ್ಕೆ ದುಡಿಯುತ್ತವೆ. ಮೇಲಾಗಿ, ಮುಂದಿನ ಹಿಡಿತವೆಲ್ಲಿ, ಕಾಲೂರುವುದೆಲ್ಲಿ ಎಂದು ಬುದ್ಧಿಯೂ ದುಡಿಯಬೇಕು. ಆ ಹೊತ್ತಿಗೆ ಬೇರೆ ಚಿಂತೆಗೆ ಎಡೆಯಿಲ್ಲ. ಎಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ಹತ್ತುವವನ ಹಗ್ಗದ ಇನ್ನೊಂದು ತುದಿ ಕೆಳಗೆ ನಿಂತ ಜೊತೆಗಾರನ ಕೈಯಲ್ಲಿರುತ್ತದೆ. ಅವನು ಮೈಮರೆತರೆ ಇವನ ಪ್ರಾಣಕ್ಕೆ ಸಂಚಕಾರ. ಇನ್ನೊಬ್ಬರ ಜೀವದ ಹೊಣೆಯನ್ನು ಇಪ್ಪತ್ತರ ಹರೆಯದಲ್ಲಿಯೇ ಹೊರಲು ಕಲಿಸುವ ಬೇರೆ ಯಾವ ಪಾಠ ನಮ್ಮ ಪಠ್ಯಕ್ರಮದಲ್ಲಿದೆ?

'ಆದರೆ ಅಪಾಯ?' ಎಂದು ತಾಯಂದಿರು ಕೇಳುವುದು ಸಹಜ. ಆ ಪ್ರಶ್ನೆಯನ್ನು ಹಾರಿಕೆಯ ಮಾತಿನಿಂದ ತಳ್ಳಿಹಾಕಬಾರದು. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದೀ ಕಾ ಡಾಂಡಾ ಶಿಖರದಲ್ಲಿ ಹಿಮಪಾತಕ್ಕೆ ಸಿಕ್ಕಿದವರು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ಶಿಕ್ಷಣಾರ್ಥಿಗಳು ಮತ್ತು ಶಿಕ್ಷಕರು. ಆ ದುರಂತದಲ್ಲಿ ಬಲಿಯಾದವರಲ್ಲಿ ಕನ್ನಡನಾಡಿನ ತರುಣರೂ ಇದ್ದರು. 2024ರ ಜೂನ್ ತಿಂಗಳಲ್ಲಿ ಅದೇ ಉತ್ತರಕಾಶಿಯ ಸಹಸ್ರತಾಲದ ಹಾದಿಯಲ್ಲಿ, ಕರ್ನಾಟಕದಿಂದ ಹೋಗಿದ್ದ ಚಾರಣಿಗರ ತಂಡವನ್ನು ಹಿಮಗಾಳಿ ಮುತ್ತಿ 9 ಮಂದಿ ಅಸುನೀಗಿದರು. ಆ ದಿನಗಳಲ್ಲಿ ನಮ್ಮ ಎಷ್ಟು ಮನೆಗಳಲ್ಲಿ ದೂರದರ್ಶನದ ಮುಂದೆ ಊಟ ಸೇರದೆ ಕುಳಿತಿದ್ದೆವು ಎಂಬುದು ನೆನಪಿದೆ. ಬೆಟ್ಟ ಕರುಣಾಮಯಿಯಲ್ಲ, ಶಿಕ್ಷಣ ಪಡೆದವರನ್ನೂ ಅದು ಕೆಲವೊಮ್ಮೆ ಬಿಡುವುದಿಲ್ಲ.

ಆದರೆ ಇದರಿಂದ ಬೆಟ್ಟಕ್ಕೆ ಬೆನ್ನು ತಿರುಗಿಸಬೇಕೆಂಬ ತೀರ್ಮಾನ ಹೊರಡುವುದಿಲ್ಲ. ಹೊರಡುವ ತೀರ್ಮಾನ ಬೇರೆ: ಏಕಾಏಕಿ ಎತ್ತರಕ್ಕೆ ಹೋಗಬಾರದು, ಕಲಿತು ಹೋಗಬೇಕು. ನಾವು ತಡೆದರೂ ಹುಡುಗರು ಹೋಗಿಯೇ ಹೋಗುತ್ತಾರೆ. ಶುಕ್ರವಾರ ರಾತ್ರಿ ಕಾಶ್ಮೀರಿ ಗೇಟಿನಲ್ಲಿ ಬಸ್ಸು ಹತ್ತಿ, ಮನೆಗೆ 'ಗೆಳೆಯನ ಕೋಣೆಯಲ್ಲಿ ಓದುತ್ತೇನೆ' ಎಂದು ಹೇಳಿ, ತೆಳ್ಳನೆಯ ಜಾಕೀಟಿನಲ್ಲಿ ಹಿಮದ ಮೇಲೆ ನಡೆಯುವವನಿಗಿಂತ, ತಂದೆತಾಯಿಗಳ ಅಪ್ಪಣೆಯೊಡನೆ ಶಿಕ್ಷಕರ ಕೈಕೆಳಗೆ ಕಲಿಯುವವನು ಕ್ಷೇಮಿ.

ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುವುದು ಉಚಿತ. ದೆಹಲಿ ಸಮುದ್ರಮಟ್ಟಕ್ಕಿಂತ ಇನ್ನೂರು ಚಿಲ್ಲರೆ ಮೀಟರು ಎತ್ತರದಲ್ಲಿದೆ. 2500 ಮೀಟರಿನಿಂದ ಮೇಲೆ ಗಾಳಿಯ ಒತ್ತಡ ಕಡಿಮೆಯಾಗಿ ಕೆಲವರಿಗೆ ತಲೆನೋವು, ವಾಕರಿಕೆ, ಹಸಿವಿಲ್ಲದಿರುವಿಕೆ, ನಿದ್ರಾಭಂಗ ಉಂಟಾಗುತ್ತವೆ. 5500 ಮೀಟರಿನಲ್ಲಿ ದೊರೆಯುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. 3000 ಮೀಟರು ದಾಟಿದ ಮೇಲೆ ಮಲಗುವ ತಾಣದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸದೆ, ಮೂರು ನಾಲ್ಕು ದಿನಗಳಿಗೊಮ್ಮೆ ವಿಶ್ರಮಿಸಬೇಕು. ಸುಮ್ಮನೆ ಕುಳಿತಿದ್ದರೂ ಉಸಿರು ಕಟ್ಟುವುದು, ನಡಿಗೆ ತೂರಾಡುವುದು, ಮಾತು ತೊದಲುವುದು ಕಂಡರೆ ಬೆಳಗಾಗುವವರೆಗೆ ಕಾಯದೆ ಕೆಳಗಿಳಿಸಬೇಕು. ಇಳಿಯುವುದೇ ಮುಖ್ಯ ಚಿಕಿತ್ಸೆ. ಬಂಡೆಯ ವಿಷಯದಲ್ಲಿ, ಶಿರಸ್ತ್ರಾಣವಿಲ್ಲದೆ, ಬಲ್ಲವರ ಜೊತೆಯಿಲ್ಲದೆ ಹತ್ತಬಾರದು. ಆರೋಹಣದ ಹಗ್ಗ ಬೀಳುವವನ ಭಾರಕ್ಕೆ ಹದವಾಗಿ ಹಿಗ್ಗಿ ಆಘಾತವನ್ನು ತಾಳಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ಸಾಧಾರಣ ಹಗ್ಗಕ್ಕೆ ಆ ಗುಣವಿಲ್ಲ. ಸ್ನಾಯುಗಳು ಬೇಗ ಬಲಿಯುತ್ತವೆ, ಬೆರಳಿನ ನರಕಟ್ಟುಗಳು ನಿಧಾನವಾಗಿ. ಆದುದರಿಂದ ಮೊದಲ ತಿಂಗಳುಗಳಲ್ಲಿ ಆತುರ ಸಲ್ಲದು. ಚಿತ್ರದುರ್ಗದ ಗೋಡೆಗಳನ್ನು ಹಗ್ಗವಿಲ್ಲದೆ ಹತ್ತುವ ಜ್ಯೋತಿರಾಜರನ್ನು ನೋಡಿ ಬೆರಗಾಗೋಣ, ಅನುಕರಿಸುವುದು ಬೇಡ.

ದೆಹಲಿಗೆ ಅದರದೇ ಆದ ಒಂದು ಪಿಡುಗಿದೆ: ಗಾಳಿ. ನವೆಂಬರಿನಿಂದ ಜನವರಿಯವರೆಗೆ ಹೊಗೆ ಕವಿದ ಬೆಳಗುಗಳಲ್ಲಿ ಬಯಲಿನಲ್ಲಿ ಏದುಸಿರು ಬಿಡುವ ವ್ಯಾಯಾಮ ಉಪಕಾರಕ್ಕಿಂತ ಅಪಕಾರವನ್ನೇ ಮಾಡೀತು. ವಾಯುಗುಣದ ಸೂಚ್ಯಂಕ 200 ದಾಟಿದ ದಿನ, ವಿಶೇಷವಾಗಿ ಉಬ್ಬಸವುಳ್ಳವರು, ಕಾರ್ಯಕ್ರಮವನ್ನು ಮುಂದೂಡುವುದೇ ಲೇಸು. ಮೇ, ಜೂನ್ ತಿಂಗಳುಗಳ ಬಿಸಿಲಿನಲ್ಲಿ ಬಂಡೆ ಹಂಚಿನಂತೆ ಕಾಯುತ್ತದೆ. ಮಳೆ ನಿಂತ ಮೇಲಿನ ಕೆಲವು ವಾರಗಳು, ಅನಂತರ ಫೆಬ್ರವರಿ, ಮಾರ್ಚ್ ತಿಂಗಳುಗಳು ಇಲ್ಲಿ ಪ್ರಶಸ್ತ.

ಹಣದ ಮಾತೂ ಬರುತ್ತದೆ. ಹಿಮಾಲಯದಲ್ಲಿ ಶಿಬಿರ ಕಟ್ಟಿಕೊಡುವ ಖಾಸಗಿಯವರ ದರ ಗುಮಾಸ್ತನ ಮಗನಿಗೆ ಎಟುಕದಿರಬಹುದು. ಆದರೆ ಎನ್.ಸಿ.ಸಿ.ಯಲ್ಲಿ ಸೇರಿದವರಿಗೆ ಚಾರಣ, ಪರ್ವತಾರೋಹಣಗಳ ಅವಕಾಶವಿದೆ. ಚಾಣಕ್ಯಪುರಿಯಲ್ಲಿ ಕಚೇರಿಯುಳ್ಳ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಮಿತವಾದ ಶುಲ್ಕದಲ್ಲಿ ಹಿಮಾಲಯದ ಚಾರಣ ಶಿಬಿರಗಳನ್ನು ನಡೆಸುತ್ತದೆ. 1954ರಲ್ಲಿ ಡಾರ್ಜಿಲಿಂಗ್‌ನಲ್ಲಿಯೂ 1965ರಲ್ಲಿ ಉತ್ತರಕಾಶಿಯಲ್ಲಿಯೂ ಸ್ಥಾಪಿತವಾದ ಪರ್ವತಾರೋಹಣ ಸಂಸ್ಥೆಗಳು ಸುಮಾರು ನಾಲ್ಕು ವಾರಗಳ ಪ್ರಾಥಮಿಕ ಶಿಕ್ಷಣವನ್ನು ಕೊಡುತ್ತವೆ. 1984ರ ಮೇ 23ರಂದು ಎವರೆಸ್ಟ್ ಶಿಖರವನ್ನೇರಿದ ಮೊದಲ ಭಾರತೀಯ ಮಹಿಳೆ ಬಚೇಂದ್ರೀ ಪಾಲ್ ಉತ್ತರಕಾಶಿಯ ಆ ಸಂಸ್ಥೆಯಲ್ಲಿಯೇ ಕಲಿತವರು. ಸಾಧಾರಣ ಗ್ರಾಮೀಣ ಕುಟುಂಬದ ಮಗಳು. ಶಿಲಾರೋಹಣದ ಕ್ರೀಡಾರೂಪವು 2021ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ಮೊದಲ ಬಾರಿಗೆ ಸೇರಿ, 2024ರ ಪ್ಯಾರಿಸ್ಸಿನಲ್ಲಿಯೂ ಇತ್ತು. 'ಇದರಿಂದ ಮುಂದೇನು?' ಎಂದು ಕೇಳುವ ಲೆಕ್ಕಾಚಾರದ ತಂದೆಗೂ ಈಗ ಉತ್ತರವಿದೆ.

ಇನ್ನೊಂದು ಮಾತು. ದೆಹಲಿಯ ರಿಜ್ ಪ್ರದೇಶದ ಸುಮಾರು 7,777 ಹೆಕ್ಟೇರುಗಳನ್ನು 1994ರಲ್ಲಿ ಮೀಸಲು ಅರಣ್ಯವೆಂದು ಸಾರಲಾಯಿತು. ಆದರೂ ಕಲ್ಲಿಗಾಗಿ, ಕಟ್ಟಡಕ್ಕಾಗಿ ಅರಾವಳಿಯನ್ನು ಕಚ್ಚುವ ಬಾಯಿಗಳು ಕಡಿಮೆಯಾಗಿಲ್ಲ. ಬೆಟ್ಟವನ್ನು ಕೈಯಾರೆ ಮುಟ್ಟಿ ಹತ್ತಿದವನಿಗೆ ಅದನ್ನು ಜಲ್ಲಿಯಾಗಿ ಕಾಣುವುದು ಕಷ್ಟ. ನಾಳೆ ಈ ಬೆಟ್ಟಗಳ ಪರವಾಗಿ ನಿಲ್ಲಬೇಕಾದವರು ಇಂದು ಅವನ್ನು ಹತ್ತುವವರೇ.

ಆದುದರಿಂದ ನಮ್ಮ ಸಂಘದ ಮುಂದೆ ಸರಳವಾದ ಮೂರು ಸಲಹೆಗಳನ್ನಿಡುತ್ತೇನೆ. ತಿಂಗಳಿಗೊಮ್ಮೆ, ಗಾಳಿ ಚೆನ್ನಾಗಿರುವ ಒಂದು ಭಾನುವಾರ, ವಿದ್ಯಾರ್ಥಿಗಳನ್ನೂ ಹಿರಿಯರನ್ನೂ ಕೂಡಿಸಿ ಅರಾವಳಿಯಲ್ಲಿ ನಡಿಗೆ ಏರ್ಪಡಿಸಬೇಕು. ಊರಿನಿಂದ ಒಂಟಿಯಾಗಿ ಬಂದು ಕೋಣೆಗಳಲ್ಲಿರುವ ಹುಡುಗ ಹುಡುಗಿಯರನ್ನು ಹೆಸರು ಹಿಡಿದು ಕರೆಯಬೇಕು. ವರ್ಷಕ್ಕೊಮ್ಮೆ ಅರ್ಹ ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಗೋಡೆಯ ಆರೋಹಣದ ಪರಿಚಯ ಮಾಡಿಸಬೇಕು. ನಮ್ಮಲ್ಲಿರುವ ವೈದ್ಯರು ಅಂದು ಆರೋಗ್ಯ ತಪಾಸಣೆಯನ್ನೂ ಪ್ರಥಮ ಚಿಕಿತ್ಸೆಯ ಪಾಠವನ್ನೂ ನಡೆಸಿಕೊಡಬಹುದು. ಮೂರನೆಯದಾಗಿ, ಉತ್ತರಕಾಶಿಯಂತಹ ಸಂಸ್ಥೆಯ ಪ್ರಾಥಮಿಕ ಶಿಕ್ಷಣಕ್ಕೆ ಆಯ್ಕೆಯಾದ ಒಬ್ಬ ವಿದ್ಯಾರ್ಥಿ ಮತ್ತು ಒಬ್ಬ ವಿದ್ಯಾರ್ಥಿನಿಯ ವೆಚ್ಚವನ್ನು ಪ್ರತಿವರ್ಷ ಸಂಘವೇ ಭರಿಸಬೇಕು. ಒಂದು ಸಂಜೆಯ ವಾದ್ಯಗೋಷ್ಠಿಗೆ ಸಂಗ್ರಹಿಸುವ ಹಣಕ್ಕಿಂತ ಇದಕ್ಕೆ ಹೆಚ್ಚು ಬೇಕಾಗದು.

ಸಂಘ ಮಾಡಲಾಗದ ನಾಲ್ಕನೆಯ ಕೆಲಸವೊಂದು ನಮ್ಮ ನಮ್ಮ ಮನೆಗಳಲ್ಲಿದೆ. ಮಗನೋ ಮಗಳೋ ಒಂದು ಕಾಗದವನ್ನು ತಂದು ಮುಂದಿಟ್ಟಾಗ, ಯಾರು ಕರೆದೊಯ್ಯುತ್ತಾರೆ, ಎಷ್ಟು ಎತ್ತರ, ಶಿಕ್ಷಕರಾರು, ವೈದ್ಯರ ವ್ಯವಸ್ಥೆ ಏನು ಎಂಬ ಪ್ರಶ್ನೆಗಳನ್ನೆಲ್ಲ ಕೇಳಿರಿ, ಕೇಳಲೇಬೇಕು. ಉತ್ತರಗಳು ಸಮರ್ಪಕವಾಗಿದ್ದರೆ, ಇಲ್ಲದ ಪರೀಕ್ಷೆಯನ್ನು ಮುಂದೆ ಮಾಡದೆ, ಸಹಿ ಹಾಕಿಕೊಡಿರಿ. ಆ ಖಾಲಿ ಗೆರೆ ಎಷ್ಟು ವರ್ಷ ಉಳಿಯುತ್ತದೆಂಬುದನ್ನು ನಾನು ಬಲ್ಲೆ.